ಮಾವನ ಮೊಣಕಾಲಿಗೆ ಪುನರ್ಬಲನ

ಮನುಷ್ಯನ ನಡತೆಯನ್ನು ತಿದ್ದುವುದು ಬಲು ಸುಲಭ ಎಂದು ನನಗೆ ತಿಳಿದದ್ದು ಶಿಕ್ಷಕರ ತರಬೇತಿಯೊಂದರಲ್ಲಿ, ಮಧ್ಯಾಹ್ನದ ಊಟದ ನಂತರ. ಅರ್ಧ ಹಾಲ್ ನಿದ್ದೆಯಲ್ಲಿತ್ತು. ನನಗೆ ಮಾತ್ರ, ತೂಕಡಿಸಿ ಸಿಕ್ಕಿಬಿದ್ದರೆ ಗತಿಯೇನು ಎಂಬ ಚಿಂತೆಯಲ್ಲಿ, ಇಂಥ ಕಡೆ ನಿದ್ದೆ ಹತ್ತುವುದಿಲ್ಲ. ತರಬೇತಿ ಕೊಡಲು ಬಂದವರು ಹೇಳಿದರು: ಪೆಟ್ಟಿಗೆಯಲ್ಲಿ ಒಂದು ಇಲಿ. ಅದು ಅಲ್ಲಿರುವ ಹಿಡಿಕೆ ಒತ್ತಿದರೆ ಕಾಳು ಬೀಳುತ್ತದೆ. ಕಾಳು ಸಿಕ್ಕಿದ್ದರಿಂದ ಇಲಿ ಮತ್ತೆ ಮತ್ತೆ ಒತ್ತುತ್ತದೆ. ಇದೇ ಪುನರ್ಬಲನ. ಮಕ್ಕಳು ಕಲಿಯುವುದೂ ಹೀಗೆ, ದೊಡ್ಡವರು ಕಲಿಯುವುದೂ ಹೀಗೆ.

ಇದನ್ನು ಪೂರ್ತಿ ನಂಬಿದವನು ಆ ಹಾಲಿನಲ್ಲಿ ನಾನೊಬ್ಬನೇ ಇರಬೇಕು. ಯಾಕೆಂದರೆ ಅದೇ ಹೊತ್ತಿಗೆ ದಾಂಡೇಲಿಯ ನಮ್ಮ ಮನೆಯಲ್ಲಿ ನನ್ನ ಮಾವ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು.

ಮಾವ ಮುಂಡಗೋಡ ತಾಲೂಕಿನ ಪಾಳಾದವರು. ಹುಬ್ಬಳ್ಳಿಯಲ್ಲಿ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು, ಗುಣವಾಗುವ ತನಕ ಮಗಳ ಮನೆಯಲ್ಲಿರಲಿ ಎಂದು ನಮ್ಮಲ್ಲಿಗೆ ಬಂದಿದ್ದರು. ಡಾಕ್ಟರು ಒತ್ತಿ ಹೇಳಿದ್ದು ಒಂದೇ ಮಾತು. ದಿನಾ ನಡೆಯಬೇಕು. ಮುಂದಿನ ತಪಾಸಣೆಯೊಳಗೆ ಕಾಲು ಸಲೀಸಾಗಿ ಮಡಚದಿದ್ದರೆ, ಮತ್ತೆ ಪ್ರಜ್ಞೆ ತಪ್ಪಿಸಿ ನಾವೇ ಮಡಚಬೇಕಾಗುತ್ತದೆ. ಮಾವ ಹೂಂ ಎಂದು ತಲೆಯಾಡಿಸಿ ಬಂದವರು ಬಚ್ಚಲಿಗೆ ಬಿಟ್ಟರೆ ಬೇರೆಲ್ಲಿಗೂ ಏಳಲಿಲ್ಲ.

"ನಡದ್ರ ನೋಯ್ತೈತಿ. ನೋವು ಕಡಿಮಿ ಆದ ಮ್ಯಾಲೆ ನಡೀತೇನಿ," ಎನ್ನುತ್ತಿದ್ದರು.

ನನ್ನ ಹೆಂಡತಿ ಗಿರಿಜಾ ಅಡುಗೆಮನೆಯಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಮನಸ್ಸಿನಲ್ಲೇ ಅವರನ್ನು ಗಾಲಿಕುರ್ಚಿಯಲ್ಲಿ ಕೂಡಿಸಿ, ನಮ್ಮ ಬಾಗಿಲು ಅದಕ್ಕೆ ಸಾಲುವಷ್ಟು ಅಗಲ ಇದೆಯೇ ಎಂದು ಟೇಪು ಹಿಡಿದು ಅಳೆದೂ ಆಗಿತ್ತು. ಸಾಲುತ್ತಿರಲಿಲ್ಲ.

ಹೀಗಾಗಿ ತರಬೇತಿಯಿಂದ ಬಂದವನೇ ಚೀಲ ಕೆಳಗಿಡದೆ ಘೋಷಿಸಿದೆ. "ಇನ್ನ ಚಿಂತಿ ಬಿಡು. ಮಾವಾರಿಗೆ ಪುನರ್ಬಲನ ಕೊಡೂಣು."

"ಅದು ಗುಳಿಗಿನೋ, ಇಂಜೆಕ್ಷನ್ನೋ?"

ಇಲಿಯ ವಿಷಯ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು. "ಅಂದ್ರ ನಮ್ಮಪ್ಪ ಇಲಿ ಏನ್ರಿ?"

"ಹಂಗಲ್ಲ. ಇಲಿ ಅನ್ನೋದು ಒಂದು ತತ್ವ."

"ಆ ತತ್ವ ಅವರ ಮುಂದ ಬಾಯಿ ಬಿಡಬ್ಯಾಡ್ರಿ ಮತ್ತ."

ಮಾವನ ಪಾಲಿನ ಕಾಳು ಚಹಾ. ಆದ್ದರಿಂದ ಮಂಚದಿಂದ ಹೊಸ್ತಿಲ ತನಕ ನಡೆದರೆ ಅರ್ಧ ಕಪ್ ಚಹಾ ಕೊಡತಕ್ಕದ್ದು ಎಂಬ ವ್ಯವಸ್ಥೆಯನ್ನು ಜಾರಿಗೆ ತಂದೆ. ಮೊದಲ ದಿನ ಮಾವ ನಡೆದರು, ಚಹಾ ಕೊಟ್ಟೆ. ಮತ್ತೆ ನಡೆದರು, ಮತ್ತೆ ಕೊಟ್ಟೆ. ಗಿರಿಜಾಳ ಕಡೆ ನೋಡಿದ ನನ್ನ ನೋಟದಲ್ಲಿ ಸ್ವಲ್ಪ ವಿಜ್ಞಾನಿಯ ಗತ್ತು ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಮರುದಿನ ಮಾವ ಅರ್ಧ ದಾರಿಗೇ ನಿಂತರು. "ಅಳಿಯಾರ, ಚಹಾಕ್ಕ ಇಟ್ಟೀರೇನು? ಸಪ್ಪಳ ಬರವಲ್ದು."

ಒಲೆ ಹೊತ್ತಿಸಿದೆ. ಮುಂದಕ್ಕೆ ಬಂದರು. ಕ್ರಮೇಣ ಪಾತ್ರೆಯ ಸಪ್ಪಳ ಕೇಳದೆ ಮಂಚದಿಂದ ಇಳಿಯುವುದೇ ನಿಂತಿತು. ಆಮೇಲೆ ಮಂಚದ ಮೇಲಿಂದಲೇ ಕೋಲಿನಿಂದ ನೆಲ ಕುಟ್ಟತೊಡಗಿದರು. ಅದು ಕೇಳಿದ್ದೇ ತಡ, ನಾನು ಓದುತ್ತಿದ್ದ ಪೇಪರು ಬಿಟ್ಟು ಒಲೆಯ ಮುಂದೆ ನಿಂತಿರುತ್ತಿದ್ದೆ. ಅಳಿಯನೇ ಚಹಾ ಕಾಸಿ ತಂದಾಗ ಬ್ಯಾಡ ಅನ್ನಲಿಕ್ಕಾಗದು ಎಂದು ಮಾವ ಸಂಕೋಚದಿಂದ ಕುಡಿಯುತ್ತಿದ್ದರು. ನಡಿಗೆ ಯಾವಾಗ ನಿಂತಿತು ಎಂಬುದು ನನ್ನ ಲಕ್ಷ್ಯಕ್ಕೇ ಬರಲಿಲ್ಲ.

"ನಿಮ್ಮ ಇಲಿ ಭಾಳ ಚಲೋ ತಯಾರಾಗೈತಿ," ಎಂದಳು ಗಿರಿಜಾ. ಯಾರ ಬಗ್ಗೆ ಅಂದಳು ಎಂದು ಕೇಳುವ ಧೈರ್ಯವಾಗಲಿಲ್ಲ.

ತಪಾಸಣೆ ಹತ್ತಿರ ಬಂತು. ತರಬೇತಿಯಲ್ಲಿ ಕೊಟ್ಟಿದ್ದ ಹಾಳೆ ತಿರುವಿದೆ. ತಿಂಡಿ ತಿನಿಸಿನ ಬಹುಮಾನವನ್ನು ಮೆಲ್ಲಗೆ ಬಿಡಿಸಿ ಹೊಗಳಿಕೆಗೆ ತರಬೇಕು ಎಂದಿತ್ತು. ಹೊಗಳಿಕೆ ತಕ್ಷಣ ಸಿಗಬೇಕು, ಸ್ಪಷ್ಟವಾಗಿರಬೇಕು. ಹೊಗಳುವುದು ನನಗೆ ಹೊಸದಲ್ಲ. ಸಾಲೆಯಲ್ಲಿ ಲೆಕ್ಕ ಬಿಡಿಸಿದ ಮಕ್ಕಳಿಗೆ ದಿನವಿಡೀ ಹೇಳುವುದು ಒಂದೇ ಶಬ್ದ.

ಅಂದು ಸಂಜೆ ಗಿರಿಜಾ ಕಾಡಿ ಬೇಡಿ ಅಪ್ಪನನ್ನು ಎಬ್ಬಿಸಿದಳು. ಮಾವ ಗೋಡೆ ಹಿಡಿದು, ಹಲ್ಲು ಕಚ್ಚಿ, ಹೊಸ್ತಿಲು ದಾಟಿ ಕಟ್ಟೆಯ ತನಕ ಬಂದರು. ಅಕ್ಕಪಕ್ಕದವರೆಲ್ಲ ಅಂಗಳದಲ್ಲಿದ್ದರು. ಇದೇ ಆ ಕ್ಷಣ ಎಂದು ನಾನು ಜೋರಾಗಿ ಹೇಳಿದೆ. "ಭಾಳ ಶಾಣ್ಯಾ ಅದೀರಿ, ಮಾವಾರ."

ನಮ್ಮ ಕಡೆ ಈ ಶಬ್ದವನ್ನು ಹುಡುಗರಿಗೆ ಅಂದರೆ ಜಾಣ ಎಂದರ್ಥ. ಹಿರಿಯರಿಗೆ ಅಂದರೆ, ನಿನ್ನ ಆಟ ಗೊತ್ತೈತಿ ಸುಮ್ಮನಿರು ಎಂದರ್ಥ. ಇದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆ ಹೊತ್ತಿಗೆ ನೆನಪಾಗಲಿಲ್ಲ, ಅಷ್ಟೇ.

ಮಾವ ನಿಂತಲ್ಲೇ ನಿಂತರು. "ಏನಂದ್ರಿ?"

ಹೊಗಳಿಕೆ ಸ್ಪಷ್ಟವಾಗಿರಬೇಕಲ್ಲ. ಇನ್ನೊಮ್ಮೆ ಅಂದೆ. ಚಪ್ಪಾಳೆಯನ್ನೂ ತಟ್ಟಿದೆ.

"ಗಿರಿಜವ್ವಾ, ನನ್ನ ಚೀಲಾ ತಾ. ಮಗಳ ಮನ್ಯಾಗ ಚಹಾ ಕುಡದಿದ್ದಕ್ಕ ಶಾಣ್ಯಾ ಅನಿಸಿಕೊಂಡಿದ್ದು ಸಾಕು. ಪಾಳಾಕ್ಕ ಹೋಗ್ತೇನಿ."

ಟೊಪ್ಪಿಗೆ ಹಾಕಿಕೊಂಡು, ಚೀಲ ಹಿಡಿದು ಹೊರಟೇಬಿಟ್ಟರು. ದಾರಿಯಲ್ಲಿ ಸುಸ್ತಾದರೆ ಕೂರಲಿ ಎಂದು ನಾನು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಹಿಂದೆ ಓಡಿದೆ.

"ಮಾವಾರ, ನಿಂದರ್ರಿ, ನಾ ಹೊಗಳಿದ್ದು."

"ಗೊತ್ತಾತು ಬಿಡ್ರಿ ನಿಮ್ಮ ಹೊಗಳಿಕಿ."

ನಾನು ಕರೆದಷ್ಟೂ ಅವರು ಬಿರಬಿರನೆ ನಡೆದರು. ಬಸ್ ಸ್ಟ್ಯಾಂಡಿನ ಬಳಿ ಇಮಾಮಸಾಬರ ಚಹಾದಂಗಡಿ. ಅಲ್ಲಿ ಬೆಂಚಿನ ಮೇಲೆ ಕೂತು, "ನೋಡ್ರಿ ಇಮಾಮಸಾಬ್ರ, ನಮ್ಮ ಅಳಿಯಾರು ಸರ್ಕಸ್ಸಿನ ಆನಿಗೆ ಹೊಡದಂಗ ನನಗ ಚಪ್ಪಾಳಿ ಹೊಡದ್ರು," ಎಂದು ಶುರು ಮಾಡಿದರು. ಇಮಾಮಸಾಬರು ನಕ್ಕರು. ಬಸ್ಸಿಗೆ ಕಾದವರು ನಕ್ಕರು. ಅಷ್ಟರಲ್ಲಿ ನಾನು ಕುರ್ಚಿ ಹೊತ್ತು ಹಾಜರಾದೆ. ಆಗ ನಕ್ಕವರು ಮತ್ತೂ ಹೆಚ್ಚು.

ಮಾವ ಕೋಪದ ದನಿ ಬಿಟ್ಟು ಕಥೆಯ ದನಿಗೆ ಬಂದರು. ಬಸ್ಸು ಬಂತು, ಹೋಯಿತು. ಅವರು ಅತ್ತ ತಿರುಗಿಯೂ ನೋಡಲಿಲ್ಲ. ಕತ್ತಲಾಗುವ ಮುಂಚೆ ನಡೆದೇ ಮನೆಗೆ ಬಂದರು. ಮರುದಿನ ಯಾರೂ ಹೇಳದೆ ತಾವೇ ಹೊರಟರು. ಅದರ ಮರುದಿನವೂ. ಕಥೆ ಅಲ್ಲಿ ದಿನದಿನಕ್ಕೆ ಬೆಳೆಯಿತು. ನಾನು ಗಂಟೆ ಬಾರಿಸಿದೆನಂತೆ, ಶೇಂಗಾ ಎಸೆದೆನಂತೆ.

ತಪಾಸಣೆಯಲ್ಲಿ ಡಾಕ್ಟರು ಕಾಲು ಮಡಚಿ ನೋಡಿ ಖುಷಿಯಾದರು. "ಭಾಳ ಚಲೋ ಆಗೈತಿ. ಮನ್ಯಾಗ ಯಾರು ನಡಸ್ತಿದ್ರಿ?"

"ನಮ್ಮ ಅಳಿಯಾರು," ಎಂದರು ಮಾವ. ನಾನು ಅಂಗಿ ಸರಿಪಡಿಸಿಕೊಂಡೆ. "ಹೆಂಗಂದ್ರ..." ಎಂದು ಅವರು ಮುಂದುವರಿಸಿದರು. ಡಾಕ್ಟರು ನಗು ತಡೆಯಲಾರದೆ ನರ್ಸಮ್ಮನನ್ನೂ ಕರೆದರು. ಅವರಿಗಾಗಿ ಮಾವ ಮೊದಲಿಂದ ಹೇಳಿದರು.

ನನ್ನ ಗೊಂದಲ ಮಾತ್ರ ಇಂದಿಗೂ ಬಗೆಹರಿದಿಲ್ಲ. ನಾನು ಕೊಟ್ಟದ್ದು ಶಿಕ್ಷೆಯೋ ಬಹುಮಾನವೋ? ಶಿಕ್ಷೆಯಾದರೆ ನಡಿಗೆ ಕಡಿಮೆಯಾಗಬೇಕಿತ್ತು. ಬಹುಮಾನವಾದರೆ ಚೀಲ ಯಾಕೆ ತೆಗೆದುಕೊಂಡರು? ನನ್ನಿಂದ ತಪ್ಪಿಸಿಕೊಳ್ಳಲು ನಡೆದದ್ದೋ, ಜನ ನಗುತ್ತಾರೆಂದು ನಡೆದದ್ದೋ? ತರಬೇತಿಯವರಿಗೆ ಫೋನ್ ಮಾಡಿ ಕೇಳಿದೆ. ಅವರು ಪೂರ್ತಿ ಕೇಳಿ, ಇನ್ನೊಮ್ಮೆ ಹೇಳ್ರಿ, ಸ್ಪೀಕರ್ ಹಾಕ್ತೇನಿ ಎಂದರು.

ನಡಿಗೆ ಇನ್ನೂ ಕೆಲವು ತಿಂಗಳು ಬಿಡಬಾರದು ಎಂದು ಡಾಕ್ಟರು ಹೇಳಿದ್ದರು. ಆದರೆ ಕಥೆ ಹಳೆಯದಾಯಿತು. ಇಮಾಮಸಾಬರ ಅಂಗಡಿಯಲ್ಲಿ ಕೇಳದವರು ಯಾರೂ ಉಳಿಯಲಿಲ್ಲ. ಮಾವ ಮತ್ತೆ ಮಂಚ ಹಿಡಿದರು. ಗಿರಿಜಾ ನನ್ನನ್ನೇ ದಿಟ್ಟಿಸಿ ನೋಡಿದಳು.

"ಏನರೆ ಹೊಸಾದು ಮಾಡ್ರಿ."

"ಏನು ಮಾಡ್ಲಿ?"

"ಅದನ್ನೂ ನಾ ಕಲಿಸಬೇಕೇನ್ರಿ? ಇಷ್ಟು ವರ್ಷ ನಿಮ್ಮಷ್ಟಕ್ಕ ನೀವ ಮಾಡ್ಕೋತ ಬಂದೀರಿ."

ಬೇಕೆಂದಾಗ ಪೆದ್ದುತನ ಹೊಳೆಯುವುದಿಲ್ಲ. ಅದನ್ನೇ ಯೋಚಿಸುತ್ತ ಸ್ನಾನ ಮಾಡಿ, ಯೋಚಿಸುತ್ತ ಅಂಗಿ ತೊಟ್ಟು, ಯೋಚಿಸುತ್ತಲೇ ಸಾಲೆಗೆ ಹೋದೆ. ಗೇಟಿಗೆ ಬೀಗ. ಅಂದು ಭಾನುವಾರ.

ಮನೆಗೆ ಬಂದಾಗ ಗಿರಿಜಾ ಬಾಗಿಲಲ್ಲಿ ನಿಂತಿದ್ದಳು.

"ಇವತ್ತ ರವಿವಾರ ಅಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ," ಎಂದು ಮಾವನ ಕೋಲನ್ನು ನನ್ನ ಕೈಗಿಟ್ಟಳು. "ನೀವು ಹೋದ್ದನ್ನ ಅಪ್ಪಗ ಹೇಳಿದೆ. ಇಮಾಮಸಾಬ್ರಿಗೆ ಹೇಳೂ ಗಡಬಡಿಯೊಳಗ ಇದನ್ನ ಬಿಟ್ಟ ಹೋಗ್ಯಾರ. ಲಗೂನ ಕೊಟ್ಟು ಬರ್ರಿ."

ಕೋಲು ಹಿಡಿದು ಓಡಿದೆ. ಅಂಗಡಿಯ ತನಕ ಓಡಿದರೂ ನನಗೆ ಅವರನ್ನು ಹಿಡಿಯಲಾಗಲಿಲ್ಲ.