ಹೇಳದೆ ಎದ್ದು ಹೋಗುವ ವಿದ್ಯೆ

ಗೆಳೆಯ ಸತ್ತನೆಂದು ಒಂದು ಗಳಿಗೆ ಒಬ್ಬನೇ ಕೂತು ಅಳಬೇಕೆಂದರೆ ನಮ್ಮ ದಾವಣಗೆರೆಯಲ್ಲಿ ಜಾಗವಿಲ್ಲ. ಇರುವ ಜಾಗಗಳಲ್ಲೆಲ್ಲ ಸಮಾಧಾನ ಹೇಳುವವರು ಮೊದಲೇ ಬಂದು ಕೂತಿರುತ್ತಾರೆ.

ಹರಿಹರದ ಉಜ್ಜನಪ್ಪ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ. ಪ್ರತಿ ಭಾನುವಾರ ನಾನು ಬಸ್ ಹತ್ತಿ ಅವನಲ್ಲಿಗೆ ಹೋಗುತ್ತಿದ್ದೆ. ಇಬ್ಬರೂ ಹೊಳೆ ದಂಡೆಯ ಒಂದು ಕಲ್ಲಿನ ಮೇಲೆ ಕತ್ತಲಾಗುವವರೆಗೆ ಕೂರುತ್ತಿದ್ದೆವು. ಎಂಥ ಶಾಂತಿ! ಉಜ್ಜನಪ್ಪನ ಬಾಯಿಂದ ಒಂದು ಮಾತು ಹೊರಡುತ್ತಿರಲಿಲ್ಲ. ಹೊಳೆಯ ತಂಡಿ ಗಾಳಿ ಆಗುವುದಿಲ್ಲವೆಂದು ಕಿವಿಗೆ ಹತ್ತಿ ಇಟ್ಟುಕೊಂಡು (ಅದೂ ನನ್ನ ಕಡೆಯ ಕಿವಿಗೆ ಮಾತ್ರ, ಗಾಳಿ ಯಾವ ಕಡೆಯಿಂದ ಬೀಸುತ್ತದೆ ಎಂಬುದೂ ತಿಳಿಯದ ಮುಗ್ಧ) ನೀರು ನೋಡುತ್ತಿದ್ದ. ಗ್ರಂಥಾಲಯದಲ್ಲಿ ‘ನಿಶ್ಶಬ್ದ’ ಎಂಬ ಬೋರ್ಡಿನ ಕೆಳಗೆ ಕೂತು ನಿವೃತ್ತನಾದ ನನಗೆ ಮೌನದ ಬೆಲೆ ಗೊತ್ತು. ಆ ಮೌನವನ್ನು ನಾನು ಅವನ ಜೊತೆ ಮಾತ್ರ ಅನುಭವಿಸಿದ್ದೆ. ಈಗ ಅವನಿಲ್ಲ, ಮತ್ತು ನನಗಿನ್ನೂ ಅಳು ಬಂದಿಲ್ಲ. ಬರಲು ಬಿಟ್ಟರಲ್ಲವೆ?

ನಮ್ಮ ಕಡೆ ಸಾವಾದ ಮನೆಗೆ ‘ಮಾತಾಡಿಸಿಕೊಂಡು ಬರಲು’ ಹೋಗುವುದು ಪದ್ಧತಿ. ಹಾಗೆ ಹೋದವರು ಏಳುವಾಗ ‘ಹೋಗಿ ಬರ್ತೀವಿ’ ಅನ್ನಬಾರದು. ಸುಮ್ಮನೆ ಎದ್ದು ಹೋಗಬೇಕು. ನನ್ನನ್ನು ಕೇಳಿದರೆ, ಇಷ್ಟು ಚೆಂದದ ಪದ್ಧತಿ ಇನ್ನೊಂದಿಲ್ಲ. ಆದರೆ ಸತ್ತವನು ಹರಿಹರದವನು, ದುಃಖಿತ ದಾವಣಗೆರೆಯವನು. ನನ್ನ ಮನೆ ಸಾವಿನ ಮನೆ ಹೌದೋ ಅಲ್ಲವೋ ಎಂಬುದು ಬಂದವರಿಗೆ ಇತ್ಯರ್ಥವಾಗುತ್ತಿರಲಿಲ್ಲ. ಹೇಳಿ ಹೋದರೆ ಅಪಶಕುನ, ಹೇಳದೆ ಹೋದರೆ ಮರ್ಯಾದೆಗೇಡು. ಆದ್ದರಿಂದ ಅವರು ಹೋಗುತ್ತಲೇ ಇರಲಿಲ್ಲ.

ಇವರಲ್ಲಿ ಅಗ್ರಗಣ್ಯರು ಪಕ್ಕದ ಮನೆಯ ಮೈಲಪ್ಪ. ಆಯುಷ್ಯವೆಲ್ಲ ಊರಂಚಿನ ಕರೂರಿನ ಕಾರ್ಖಾನೆಯೊಂದರ ಗದ್ದಲದಲ್ಲಿ ದುಡಿದವರು; ಪಿಸುಮಾತನ್ನೂ ಕೂಗಿಯೇ ಆಡುತ್ತಾರೆ.

“ಹೆಂಗಾತ್ರಿ ಸಾವು?”

“ಹಾರ್ಟು.”

“ಹಾರ್ಟಾ! ನಮ್ಮ ಭಾವಂದೂ ಹಾರ್ಟೇ ರೀ. ಊಟ ಮಾಡಿ ಕೈ ತೊಳ್ಕೊಂಡ, ಹೋದ. ಇವ್ರು ಕೈ ತೊಳ್ಕೊಂಡಿದ್ರೇನ್ರಿ?”

ನನಗೆ ಗೊತ್ತಿಲ್ಲವೆಂದೆ. ಇಷ್ಟು ಹತ್ತಿರದ ಗೆಳೆಯನಾಗಿ ಇದನ್ನೂ ವಿಚಾರಿಸಿಲ್ಲವೇ ಎಂಬಂತೆ ನನ್ನನ್ನು ನೋಡಿ, ಭಾವ ಬಿಟ್ಟು ಹೋದ ಆವರಗೆರೆಯ ಸೈಟಿನ ಮೂಲಕ ಅವರು ಇಡೀ ಊರಿನ ಸೈಟುಗಳನ್ನು ಸುತ್ತಿ ಬಂದರು. ಅಷ್ಟರಲ್ಲಿ ನನ್ನ ಹೆಂಡತಿ ಲತಾ ಮಂಡಕ್ಕಿ, ಮಿರ್ಚಿ ತಂದಿಟ್ಟಳು. ಶೋಕತಪ್ತರು ಕಾಲು ಮಡಚಿ ಇನ್ನೂ ಭದ್ರವಾಗಿ ಕೂತರು.

ಅಡುಗೆಮನೆಗೆ ಹೋಗಿ ಕೇಳಿದೆ: “ಮಿರ್ಚಿ ಯಾಕ ಕರಿದೆ? ಅದು ಮುಗಿಯೋತನಕ ಅವ್ರು ಏಳಲ್ಲ.”

“ಪಾಪ, ನಿಮ್ಮ ದುಃಖ ಹಂಚ್ಕೊಳಾಕೆ ಬಂದಾರೆ.”

“ದುಃಖ ಎಲ್ಲಾ ನನ್ನ ಹತ್ರನೇ ಐತೆ. ಅವ್ರು ಹಂಚ್ಕೊಂಡಿದ್ದು ಮಿರ್ಚಿ ಮಾತ್ರ. ನೋಡು ಲತಾ, ನಂಗೆ ಒಂದು ತಾಸು ಸುಮ್ನೆ ಕೂಡಬೇಕು.”

“ಯಾರು, ನೀವಾ? ಸುಮ್ನಾ?” ಎಂದು ಅವಳು ಜಾಲರಿ ಸೌಟು ಹಿಡಿದೇ ನಕ್ಕಳು. (ಮದುವೆಯಾಗಿ ಇಷ್ಟು ಕಾಲವಾದರೂ ಅವಳಿಗೆ ನನ್ನ ಸ್ವಭಾವ ಅರ್ಥವಾಗಿಲ್ಲ.)

ಭಾನುವಾರ ಮಧ್ಯಾಹ್ನ ಮೈಲಪ್ಪನವರು ಮುಂಬಾಗಿಲಿನಿಂದ ಒಳಗೆ ಬರುತ್ತಿದ್ದಂತೆ ನಾನು ಹಿಂಬಾಗಿಲಿನಿಂದ ಪರಾರಿಯಾದೆ. ಹರಿಹರದ ಬಸ್ಸಿನಲ್ಲಿ ಪಕ್ಕದವನು ಮೊಬೈಲಿನಲ್ಲಿ ತನ್ನ ಇಡೀ ಸಂಸಾರದ ಜಗಳವನ್ನು ಎಲ್ಲರಿಗೂ ಕೇಳಿಸಿದ. ಸಹಿಸಿದೆ. ಕೊನೆಗೂ ಹೊಳೆ ದಂಡೆ, ಅದೇ ಕಲ್ಲು. ಆಚೆ ಕಂಬಳಿ ಒಗೆಯುತ್ತಿದ್ದ ಒಬ್ಬ ಹೆಂಗಸನ್ನು ಬಿಟ್ಟರೆ ನರಪಿಳ್ಳೆಯಿಲ್ಲ. ಉಜ್ಜನಪ್ಪನ ಜಾಗ ಬಿಟ್ಟು ನನ್ನ ಜಾಗದಲ್ಲಿ ಕೂತೆ.

ಈಗ ಅಳಬಹುದು ಎಂದುಕೊಂಡೆ. ಅದಕ್ಕೆ ಮುಂಚೆ ಅವನಿಗೆ ವಾರದ ಸುದ್ದಿಗಳನ್ನು ಮನಸ್ಸಿನಲ್ಲೇ ತಿಳಿಸತೊಡಗಿದೆ. ಮಲೆಬೆನ್ನೂರಿನ ಕಡೆ ಭತ್ತದ ನಾಟಿ, ನಾನು ಓದುತ್ತಿರುವ ಪುಸ್ತಕದ ದೋಷಗಳು, ಮೈಲಪ್ಪನವರ ಭಾವ ಕೈ ತೊಳೆದದ್ದು, ಇಷ್ಟೇ. ಮನಸ್ಸಿನಲ್ಲೇ.

“ಹಿಡೀರೋ ಯಪ್ಪಾ! ಯಜಮಾನ್ರು ಖಾಲಿ ಕಲ್ಲಿಗೆ ಭಾಷಣ ಮಾಡಾಕತ್ತಾರೆ! ನೀರಿಗೆ ಗೀರಿಗೆ ಬಿದ್ದಾರು!”

ತಿರುಗಿದರೆ ಕಂಬಳಿಯ ಹೆಂಗಸು. ಅವಳ ಹಿಂದೆ ಒಂದು ಸಣ್ಣ ಜಾತ್ರೆಯೇ ಕೂಡಿತ್ತು. ಯಾರೋ ನನ್ನ ರಟ್ಟೆ ಹಿಡಿದರು. ಯಾರೋ ನೀರು ಕುಡಿಸಿದರು. ಯಾರೋ ವಿಡಿಯೊ ಮಾಡಿಕೊಂಡರು.

“ನಾನು ಸುಮ್ನೆ ಕೂತಿದ್ದೆ ಕಣಮ್ಮ!”

“ಸುಮ್ನೆ ಕೂತಿದ್ರಂತೆ! ನನ್ನ ಕಂಬಳಿ ಎಲ್ಲಾ ಒಗೆದು ಮುಗಿದ್ವು, ನಿಮ್ಮ ಮಾತು ಮುಗೀಲಿಲ್ಲ.”

ಅಷ್ಟರಲ್ಲಿ ಒಬ್ಬ, “ಇವ್ರು ಉಜ್ಜನಪ್ಪರ ಭಾನುವಾರದ ದೋಸ್ತು ಅಲ್ವೇನ್ರಿ?” ಎಂದ. ಅಲ್ಲಿಗೆ ನನ್ನ ಏಕಾಂತದ ಕಥೆ ಮುಗಿಯಿತು. ನನ್ನನ್ನು ಮೆರವಣಿಗೆಯಲ್ಲಿ ಉಜ್ಜನಪ್ಪನ ಮನೆಗೆ ತಂದು ಅವನ ಹೆಂಡತಿ ಹುಲಿಗೆಮ್ಮನಿಗೆ ಒಪ್ಪಿಸಿದರು.

“ಆತು, ಇನ್ನ ನಾ ನೋಡ್ಕೊಂತೀನಿ, ನೀವು ನಡೀರಿ” ಎಂದು ಅವರನ್ನು ಕಳಿಸಿ, ಹುಲಿಗೆಮ್ಮ ಚಾ ತಂದು ಎದುರಿಗೆ ಕೂತಳು. ಮನೆ ಹಿತವಾಗಿ ಸದ್ದಿಲ್ಲದೆ ಇತ್ತು. ನನಗೆ ತಡೆಯಲಾಗಲಿಲ್ಲ.

“ನೋಡು ತಾಯಿ, ಜನಕ್ಕೆ ಸುಮ್ಮನಿರೋದು ಅಂದ್ರೇನು ಅಂತಾನೇ ಗೊತ್ತಿಲ್ಲ” ಎಂದು ಶುರುಮಾಡಿ, ಮೈಲಪ್ಪ, ಮಿರ್ಚಿ, ಬಸ್ಸು, ಕಂಬಳಿ ಎಲ್ಲವನ್ನೂ ವಿವರಿಸಿ, ಉಜ್ಜನಪ್ಪ ಮತ್ತು ನಾನು ಆ ಕಲ್ಲಿನ ಮೇಲೆ ಆಚರಿಸುತ್ತಿದ್ದ ಮೌನದ ಮಹತ್ವಕ್ಕೆ ಬರುವ ಹೊತ್ತಿಗೆ ಚಾದ ಮೇಲೆ ಕೆನೆ ಕಟ್ಟಿತ್ತು.

ಹುಲಿಗೆಮ್ಮ ಎದ್ದು ಗೂಡಿನಿಂದ ಒಂದು ಸಣ್ಣ ಡಬ್ಬಿ ತಂದು ಮುಚ್ಚಳ ತೆಗೆದಳು. ಒಳಗೆ ಹತ್ತಿ.

“ಇದು ಹೊಳೆ ಗಾಳಿಗಲ್ಲ, ಅಣ್ಣ.”

“ಮತ್ತೆ?”

ಗಂಡ ಹೋದ ಮೇಲೆ ಅವಳ ಮುಖದಲ್ಲಿ ನಗು ಕಂಡದ್ದು ಆಗಲೇ. “ಭಾನುವಾರ ಆತಂದ್ರೆ, ‘ಹತ್ತಿ ಎಲ್ಲೈತೆ ಹುಲಿಗೆಮ್ಮ, ದಾವಣಗೆರೆ ಬಸ್ ಬರೋ ಹೊತ್ತಾತು’ ಅನ್ನೋರು.”

ನಾನು ಚಾದ ಲೋಟವನ್ನು ಕೆಳಗಿಟ್ಟೆ. “ಅಷ್ಟು ತ್ರಾಸಿದ್ರೆ ಯಾಕ ಬರ್ತಿದ್ದ?”

“ನಾನೂ ಕೇಳಿದ್ದೆ. ‘ಪೂರಾ ಕೇಳಿದ್ರೆ ತಲಿ ನೋಯ್ತೈತೆ, ಏನೂ ಕೇಳದಿದ್ರೆ ವಾರ ಕಳೆಯಲ್ಲ. ಅದಕ್ಕೇ ಒಂದೇ ಕಿವಿ ಮುಚ್ಚೀನಿ’ ಅಂದ್ರು.”

ಹೀಗೆ, ಹುಡುಕಿಕೊಂಡು ಹೋದಲ್ಲಿ ಬಾರದ ಅಳು, ಆ ಡಬ್ಬಿಯನ್ನು ನೋಡುತ್ತಾ ಬಂತು. ನಾನು ಇಷ್ಟು ಕಾಲ ನನ್ನದೆಂದುಕೊಂಡಿದ್ದ ಮೌನ ಪೂರ್ತಿ ಅವನೊಬ್ಬನದಾಗಿತ್ತು. ಹುಲಿಗೆಮ್ಮ ನನಗೆ ಸಮಾಧಾನ ಹೇಳಲಿಲ್ಲ. ಸುಮ್ಮನೆ ಕೂತಿದ್ದಳು. ಅದನ್ನು ಅವಳೂ ಗಂಡನಿಂದ ಕಲಿತಿರಬೇಕು.

ಹೊತ್ತು ಮುಳುಗುತ್ತಿತ್ತು. ಅವಳೇ ಅಂದಳು: “ಕಡೇ ಬಸ್ಸಿಗೆ ಕಾಯಬ್ಯಾಡ್ರಿ ಅಣ್ಣ, ಲತಕ್ಕ ದಾರಿ ನೋಡ್ತಿರ್ತಾರೆ. ಸಾವಾದ ಮನೆ, ಹೋಗ್ತೀನಿ ಅಂತ ಹೇಳಬಾರದು. ಮಾತಾಡದಂಗೆ ಎದ್ದು ಹೋಗ್ಬೇಕು. ಆಗ್ತೈತೇನ್ರಿ ನಿಮ್ಮ ಕೈಲಿ?”

ಯಾಕಾಗಲ್ಲ ಎನ್ನಲು ಬಾಯಿ ತೆರೆದು, ಮುಚ್ಚಿದೆ. ಎದ್ದೆ. ಹೊಸ್ತಿಲು ದಾಟಿದೆ. ಚಪ್ಪಲಿ ಮೆಟ್ಟಿದೆ. ಅಂಗಳ ಮುಗಿಯುವವರೆಗೂ ಒಂದಕ್ಷರ ಆಡಲಿಲ್ಲ. ಉಜ್ಜನಪ್ಪ ನೋಡಿದ್ದರೆ ನಂಬುತ್ತಿರಲಿಲ್ಲ.

ಗೇಟು ಹಾಕುವಾಗ ಮಾತ್ರ, ಅವನ ಬಗ್ಗೆ ಹೇಳಲೇಬೇಕಾದ ಒಂದೇ ಒಂದು ಸಂಗತಿ ನೆನಪಾಯಿತು. ತಿರುಗಿ ನೋಡಿದೆ. ಹುಲಿಗೆಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳ ಕೈ ಆಗಲೇ ಹತ್ತಿಯ ಡಬ್ಬಿಯೊಳಗಿತ್ತು.