ಪುರುಷ-ಮೂರು ಅವರಿಗೆ, ತಮ್ಮ ಹಿಂದಿನ ಗಂಟಲಿನಿಂದ

ಮಾನ್ಯರೇ,

ವಿಜಯಪುರ ನಗರದ ಇಬ್ರಾಹಿಂಪುರದಲ್ಲಿ ವಾಸವಾಗಿರುವ, ವೃತ್ತಿಯಿಂದ ಧ್ವನಿ ಕಲಾವಿದನಾಗಿರುವ, ಅಥವಾ ಹೋದ ವರ್ಷದವರೆಗೆ ಆಗಿದ್ದ, ಸಂಗಮೇಶ ಮಮದಾಪೂರ ಎಂಬ ನಾನು ತಮಗೆ ಸಲ್ಲಿಸುವ ಸವಿನಯ ನಮಸ್ಕಾರಗಳು. ತಾವು ಕುಶಲವೆಂದು ಭಾವಿಸುತ್ತೇನೆ. ತಮಗೆ ನೆಗಡಿಯಾಗುವುದಿಲ್ಲ, ಧೂಳು ತಾಗುವುದಿಲ್ಲ, ಬೇಸಿಗೆಯ ಮಧ್ಯಾಹ್ನ ನಾಲಿಗೆ ಒಣಗುವುದಿಲ್ಲ ಎಂದು ಬಲ್ಲೆನಾದ್ದರಿಂದ ಇದು ಕೇವಲ ಶಿಷ್ಟಾಚಾರದ ಮಾತು. ಆದರೂ ಒಂದೇ ಗಂಟಲಿನಲ್ಲಿ ಬಹುಕಾಲ ಕೂಡಿ ಬಾಳಿದವರು ಬೇರೆಯಾದ ಮೇಲೆ ಶಿಷ್ಟಾಚಾರವನ್ನಾದರೂ ಉಳಿಸಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಇದು ಬಹಿರಂಗ ಪತ್ರವಾದ್ದರಿಂದ, ತಮ್ಮನ್ನು ದಿನವೂ ಕೇಳುತ್ತಿದ್ದರೂ ತಾವು ಯಾರೆಂದು ತಿಳಿಯದ ಓದುಗರಿಗಾಗಿ ಒಂದೆರಡು ಮಾತು ಹೇಳಲು ಅಪ್ಪಣೆಯಾಗಬೇಕು. ಏನನ್ನಾದರೂ ಟೈಪ್ ಮಾಡಿ ಕೊಟ್ಟರೆ ಗಟ್ಟಿಯಾಗಿ ಓದಿ ಹೇಳುವ ಒಂದು ಆ್ಯಪ್ ಇದೆ. ಅದರ ಕನ್ನಡ ಧ್ವನಿಗಳ ಪಟ್ಟಿಯಲ್ಲಿ ತಾವು ಹೀಗೆ ವಿರಾಜಮಾನರಾಗಿದ್ದೀರಿ: ಪುರುಷ-ಮೂರು, ಮಧ್ಯವಯಸ್ಕ, ನಂಬಲರ್ಹ. ಈ ಎರಡು ವಿಶೇಷಣಗಳಲ್ಲಿ ಮೊದಲನೆಯದನ್ನು ಮಾತ್ರ ನನ್ನ ಮನೆಯವರು ಒಪ್ಪುತ್ತಾರೆ. ತಮ್ಮನ್ನು ಕಂಪನಿಯೊಂದು ನನ್ನ ಧ್ವನಿಯಿಂದ ತಯಾರಿಸಿತು. ತಾವೀಗ ಎಲ್ಲರಿಗೂ ಪುಕ್ಕಟೆ ದೊರೆಯುತ್ತೀರಿ. ನಾನು ಯಾರಿಗೂ ಬೇಕಾಗಿಲ್ಲ. ನನ್ನ ಬೇಡಿಕೆ ಒಂದೇ. ಟಿಕೋಟಾದ ಕಡೆ ದ್ರಾಕ್ಷಿಬಳ್ಳಿ ಕತ್ತರಿಸುವ ಚಾಟ್ನಿಯ ಹಂಗಾಮು ಶುರುವಾಗುವುದರೊಳಗೆ ತಾವು ಆ ಪಟ್ಟಿಯಿಂದ ಇಳಿದು ಬರಬೇಕು. ಚಾಟ್ನಿಗೂ ತಮಗೂ ಏನು ಸಂಬಂಧ ಎಂಬುದನ್ನು ಮುಂದೆ ನಿವೇದಿಸುತ್ತೇನೆ.

ನಾನು ಈ ವೃತ್ತಿಗೆ ಬಂದ ಬಗೆಯನ್ನು ತಮಗೆ ನೆನಪಿಸಬೇಕಾಗಿಲ್ಲ, ತಾವು ಜೊತೆಯಲ್ಲೇ ಇದ್ದಿರಿ. ತೊರವಿಯ ಹೊರವಲಯದ ಒಂದು ಸಂಸ್ಥೆಯಲ್ಲಿ ಗುಮಾಸ್ತನಾಗಿದ್ದವನು ನೌಕರಿ ಬಿಟ್ಟು ಸ್ವತಂತ್ರ ಕಲಾವಿದನಾದೆ. ಸ್ವತಂತ್ರ ಎಂದರೆ ಮೇಲಧಿಕಾರಿ ಇಲ್ಲದಿರುವುದು ಎಂದುಕೊಂಡಿದ್ದೆ. ಫೋನ್ ಮಾಡುವ ಪ್ರತಿಯೊಬ್ಬನೂ ಮೇಲಧಿಕಾರಿಯಾಗುವುದು ಎಂದು ನಂತರ ತಿಳಿಯಿತು. ನನ್ನ ಹೆಂಡತಿಯ ಅಣ್ಣ, ಬಬಲೇಶ್ವರದ ಗುರಲಿಂಗಪ್ಪ, ಆಗ ಮನೆಗೆ ಬಂದು, ‘ಈಗ ಏನ್ ಮಾಡಾಕತ್ತೀರಿ ಮಾವಾರ?’ ಎಂದು ಕೇಳಿದರು. ‘ದನಿ ಕೊಡ್ತೇನ್ರಿ’ ಎಂದೆ. ಅವರು ಚಹಾ ಪೂರ್ತಿ ಕುಡಿದು, ಬಸಿಯನ್ನು ಕೆಳಗಿಟ್ಟು, ‘ಅದು ಆತಲ್ರಿ, ಉದ್ಯೋಗಾ ಏನ್ ಮಾಡ್ತೀರಿ?’ ಎಂದರು. ಆ ದಿನಗಳಲ್ಲಿ ಫೋನಿನೊಳಗಿಂದ ಉಪದೇಶ ಮಾಡುವ ತರುಣರು, ದಿನಕ್ಕೊಮ್ಮೆಯಾದರೂ ಎಲ್ಲ ಕಡೆ ಕಾಣಿಸಿಕೊಳ್ಳಿ, ಕೇಳಿಸಿಕೊಳ್ಳಿ, ಇಲ್ಲದಿದ್ದರೆ ಲೋಕ ನಿಮ್ಮನ್ನು ಮರೆತುಬಿಡುತ್ತದೆ ಎಂದು ಎಚ್ಚರಿಸುತ್ತಿದ್ದರು. ನಾನು ಅವರ ಮಾತನ್ನು ಚಾಚೂ ತಪ್ಪದೆ ಪಾಲಿಸಿದೆ. ಈಗ ನಾನು ಎಲ್ಲ ಕಡೆ ಕೇಳಿಸುತ್ತೇನೆ, ಲೋಕ ನನ್ನನ್ನು ಮರೆತಿದೆ. ಉಪದೇಶದಲ್ಲಿ ತಪ್ಪಿತ್ತು ಎಂದು ಹೇಳಲಾರೆ.

ಆಮೇಲೆ ಕಂಪನಿಯಿಂದ ಕರೆ ಬಂತು. ತರಬೇತಿಗಾಗಿ ಧ್ವನಿಮುದ್ರಣ ಎಂದು ಬರೆದಿದ್ದರು. ಈ ವಯಸ್ಸಿನವನಿಗೂ ತರಬೇತಿ ಕೊಡಲು ಮುಂದೆ ಬಂದಿದ್ದಾರಲ್ಲ ಎಂದು ನಾನು ಮನೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡೆ. ಒಂದು ಇಡೀ ಬೇಸಿಗೆ, ಹೊರಗಿನ ಸದ್ದು ಬಾರದಂತೆ ಹಾಸಿಗೆ ಇಡುವ ಕೋಣೆಯ ನಾಲ್ಕೂ ಗೋಡೆಗೆ ಕೌದಿಗಳನ್ನು ನೇತುಹಾಕಿ, ಬೆವರುತ್ತ, ಅವರು ಕಳಿಸಿದ ವಾಕ್ಯಗಳನ್ನು ಓದಿದೆ. ಕೆಂಪು ಬಸ್ಸು ಸೇತುವೆಯನ್ನು ದಾಟಿತು. ತಮ್ಮ ದುಃಖದಲ್ಲಿ ನಾವೂ ಭಾಗಿಗಳು. ನವದಂಪತಿಗಳಿಗೆ ಶುಭವಾಗಲಿ. ಎದುರಿಗೆ ಬಸ್ಸಿರಲಿಲ್ಲ, ಸತ್ತವರಿರಲಿಲ್ಲ, ದಂಪತಿಗಳೂ ಇರಲಿಲ್ಲ. ಯಾರನ್ನೂ ಉದ್ದೇಶಿಸದೆ ಆಡಿದ ಆ ಮಾತುಗಳಿಂದ ತಾವು ಹುಟ್ಟಿದಿರಿ. ಈಗ ಯಾರಿಗಾದರೂ ಏನಾದರೂ ಹೇಳಬೇಕಾದಲ್ಲೆಲ್ಲ ತಾವಿದ್ದೀರಿ, ನಾನು ಕೌದಿಗಳ ನಡುವೆ ಉಳಿದಿದ್ದೇನೆ.

ತಮ್ಮ ಏಳಿಗೆಯನ್ನು ನಾನು ಅಭಿಮಾನದಿಂದಲೇ ಗಮನಿಸುತ್ತ ಬಂದೆ. ನಮ್ಮ ಓಣಿಗೆ ನೀರು ತರುವ ಖಾಸಗಿ ಟ್ಯಾಂಕರಿನವರು ತಮ್ಮನ್ನು ನೇಮಿಸಿಕೊಂಡು, ಗಾಡಿ ಬರುವ ಹೊತ್ತನ್ನು ತಮ್ಮ ಬಾಯಿಂದ ಮನೆಮನೆಗೆ ಫೋನಿನಲ್ಲಿ ಹೇಳಿಸತೊಡಗಿದರು. ಗಾಡಿ ಬಾರದ ಒಂದು ಬೆಳಿಗ್ಗೆ ನೆರೆಮನೆಯ ರೋಶನಬಿ ಖಾಲಿ ಕೊಡ ಹಿಡಿದು ನಮ್ಮ ಗೇಟಿಗೆ ಬಂದು, ‘ಅಣ್ಣಾರ, ಒಂಬತ್ತಕ್ಕ ಗಾಡಿ ಬರ್ತೈತಿ ಅಂತ ನೀವೇ ಫೋನ್ ಮಾಡಿದ್ರಿ. ಬಾಜೂ ಮನಿಯವ್ರಿಗೆ ಹಿಂಗ ಸುಳ್ಳ ಹೇಳಬಾರದ್ರಿ’ ಎಂದರು. ಅದು ನಾನಲ್ಲ ಎಂದು ವಿವರಿಸಿದೆ. ‘ಮತ್ತ ನಿಮ್ಮ ಬಾಯಾಗ ಯಾರ್ ಮಾತಾಡಿದ್ರು?’ ಎಂದು ಅವರು ಕೇಳಿದ ರೀತಿಯಲ್ಲಿ ತಾತ್ವಿಕವಾದ ತಪ್ಪೇನೂ ಇರಲಿಲ್ಲ. ನಮ್ಮ ಸಂಪಿನಿಂದ ನೀರು ತುಂಬಿಸಿ ಕಳಿಸಿದೆ. ಅಂದಿನಿಂದ ತಮ್ಮ ಮಾತನ್ನು ನಡೆಸಿಕೊಡುವ ಹೊಣೆ ನನ್ನ ಮೇಲಿದೆ.

ಗುರಲಿಂಗಪ್ಪನವರ ಮಗಳ ಮದುವೆಗೂ ಊರವರನ್ನೆಲ್ಲ ತಾವೇ ಕರೆದಿರಿ. ನನಗೂ ನನ್ನ ಫೋನಿಗೇ ಬಂದ ವಿಡಿಯೋದಲ್ಲಿ ನನ್ನದೇ ದನಿಯಲ್ಲಿ ಸಕುಟುಂಬ ಸಪರಿವಾರ ಆಗಮಿಸಬೇಕೆಂಬ ಆಗ್ರಹಪೂರ್ವಕ ಆಮಂತ್ರಣ ಬಂತು. ನಾನು ಎಂದೂ ಅಷ್ಟು ಪ್ರೀತಿಯಿಂದ ಯಾರನ್ನೂ ಕರೆದವನಲ್ಲ. ಬಸ್ಸು ತಡವಾಗಿ, ಅಕ್ಷತೆ ಮುಗಿದ ಮೇಲೆ ಬಬಲೇಶ್ವರ ತಲುಪಿದೆವು. ಬಾಗಿಲಲ್ಲೇ ಗುರಲಿಂಗಪ್ಪ, ‘ಬರ್ರಿ ಮಾವಾರ, ಹಳ್ಳೀ ಮಂದೀನೆಲ್ಲಾ ಕರದು ನೀವೇ ಕಡೀಕ ಬಂದೀರಲಾ!’ ಎಂದರು. ಸುತ್ತಲಿದ್ದವರು ನಕ್ಕರು. ಅಂತೂ ನನಗೊಂದು ಉದ್ಯೋಗವಿದೆ ಎಂದು ಅವರಿಗೆ ಆ ದಿನ ಮನವರಿಕೆಯಾಯಿತು.

ಇದೆಲ್ಲವನ್ನೂ ನಾನು ಸಹಿಸಿಕೊಂಡೆ, ಯಾಕೆಂದರೆ ಟಿಕೋಟಾದ ಬಸಲಿಂಗಯ್ಯನವರು ಉಳಿದಿದ್ದರು. ಬೀಜ, ಗೊಬ್ಬರ, ದ್ರಾಕ್ಷಿಯ ಔಷಧಗಳ ಅಂಗಡಿ ಅವರದು. ಚಾಟ್ನಿ ಬಂತೆಂದರೆ ಒಂದು ಟಂಟಂ ಗಾಡಿಯ ಮೇಲೆ ಧ್ವನಿವರ್ಧಕ ಕಟ್ಟಿ, ಯಾವ ರೋಗಕ್ಕೆ ಯಾವ ಔಷಧ ಎಂಬುದನ್ನು ಹಳ್ಳಿಹಳ್ಳಿಗೆ ನನ್ನ ದನಿಯಲ್ಲಿ ಸಾರಿಸುತ್ತಿದ್ದರು. ‘ಸರ್, ಚಾಟ್ನಿ ಬಂತ್ರಿ’ ಎಂಬ ಅವರ ಒಂದು ಫೋನು ಬಂದರೆ ನನಗೆ ವರ್ಷ ಶುರುವಾದಂತೆ. ಈ ಸಲ ಫೋನು ಬರಲಿಲ್ಲ, ನಾನೇ ಹೋದೆ. ಅಂಗಡಿಯ ವ್ಯವಹಾರ ನೋಡುವ ಅವರ ಸೊಸೆ ವಿದ್ಯಾವತಿ ತಮ್ಮನ್ನು ಮಾವನವರಿಗೆ ಆಗಲೇ ಪರಿಚಯಿಸಿದ್ದರು. ಬಸಲಿಂಗಯ್ಯನವರು ಸಂಕೋಚದಿಂದ ಮೇಜಿನ ಮೇಲಿನ ಧೂಳನ್ನು ಒರೆಸುತ್ತ, ಯಂತ್ರ ಯಂತ್ರವೇ, ಮನುಷ್ಯ ಮನುಷ್ಯನೇ, ರೈತರಿಗೆ ಗೊತ್ತಾಗುತ್ತದೆ ಎಂದು ನನ್ನ ಪಕ್ಷ ವಹಿಸಿದರು. ವಿದ್ಯಾವತಿ ನ್ಯಾಯವಂತ ಹೆಣ್ಣುಮಗಳು. ‘ಹಂಗಾದ್ರ ಮಾವಾರ, ನೀವೂ ಹೇಳಬ್ಯಾಡ್ರಿ, ನಾನೂ ಹೇಳಾಂಗಿಲ್ಲ. ಮಂದೀನ ಕೇಳೂಣು’ ಎಂದರು.

ನನ್ನನ್ನು ಹಿಂದಿನ ಗೋದಾಮಿನಲ್ಲಿ ಗೊಬ್ಬರದ ಚೀಲಗಳ ನಡುವೆ ಮೈಕಿನೆದುರು ಕೂಡಿಸಿದರು. ಬೂದಿರೋಗದ ಔಷಧದ ಬಗ್ಗೆ ಬರೆದ ನಾಲ್ಕು ಸಾಲುಗಳನ್ನು ಮೊದಲು ತಾವು ಓದಿದಿರಿ, ಆಮೇಲೆ ನಾನು. ಹೊರಗೆ ಕೂತ ರೈತರಿಗೆ ಎರಡೂ ಒಂದೇ ಪೆಟ್ಟಿಗೆಯಿಂದ ಕೇಳಿದವು. ಗೋದಾಮು ಎಷ್ಟು ನಿಶ್ಶಬ್ದವಾಗಿತ್ತೆಂದರೆ, ಪ್ರತಿ ಪದಕ್ಕೂ ಅದಕ್ಕೆ ಬೇಕಾದಷ್ಟು ಜಾಗ ಕೊಡುವುದು ನನಗೆ ಸಾಧ್ಯವಾಯಿತು. ಅಷ್ಟು ಚೆನ್ನಾಗಿ ನಾನು ಯಾವತ್ತೂ ಓದಿರಲಿಲ್ಲ. ಮುಗಿದ ಮೇಲೆ ಗೋಣಿಪರದೆಯ ಹಿಂದಿನಿಂದಲೇ ತೀರ್ಪನ್ನು ಕೇಳಿದೆ. ಸಾಬಣ್ಣ ಎಂಬ ರೈತರು ಎಲ್ಲರ ಪರವಾಗಿ ಹೇಳಿದರು: ‘ಮೊದಲ್ನೇದು ಖರೇ ಸಂಗಮೇಶ ಸರ್ ದನಿ ನೋಡ್ರಿ. ಅವ್ರು ಕಡೇ ಮಾತಿಗೆ ಬಂದ್ರಂದ್ರ ಸ್ವಲ್ಪ ಓಡ್ತಾರ, ಯಾರೋ ಬೆನ್ನ ಹತ್ತಿದಂಗ. ಎರಡನೇದಾಂವ ಯಾರೋ ಅವರ ಹಂಗ ಮಾತಾಡಾಕ ಕಲಿಯಾಕತ್ತಾನ. ಕಲೀಲಿ ಬಿಡ್ರಿ ಪಾಪ, ಬೈಬ್ಯಾಡ್ರಿ ಅವಗ.’

ಯಾರೂ ಬೈಯಲಿಲ್ಲ. ಚಹಾ ಕೊಟ್ಟರು. ಬಸಲಿಂಗಯ್ಯನವರು ನನ್ನ ಕೈ ಹಿಡಿದುಕೊಂಡು, ‘ಮನಸಿಗೆ ಹಚ್ಕೋಬ್ಯಾಡ್ರಿ ಸರ್, ಹೆಂಗ ನೋಡಿದ್ರೂ ಗೆದ್ದದ್ದು ನಿಮ್ಮ ದನೀನ’ ಎಂದರು. ಇಷ್ಟು ಸತ್ಯವಾದ ಸಮಾಧಾನವನ್ನು ನನಗೆ ಯಾರೂ ಹೇಳಿಲ್ಲ. ವಿದ್ಯಾವತಿ ಬಾಗಿಲವರೆಗೆ ಬಂದು ಇನ್ನೂ ಸ್ಪಷ್ಟವಾಗಿ ಹೇಳಿದರು: ‘ಅದು ಇಲ್ಲಂದ್ರ ನಾವು ನಿಮ್ಮ ಬಾಗಿಲಿಗೇ ಬರ್ತೇವ್ರಿ. ಅದು ಪುಕ್ಕಟೆ ಸಿಗೂತನಕಾ ಹೆಂಗ ಬರೂದು, ನೀವೇ ಹೇಳ್ರಿ.’ ನಾನು ಕೈಮುಗಿದು ಬಸ್ಸಿನ ಕಡೆ ನಡೆದೆ. ನನ್ನ ದನಿಯನ್ನು ಅವರು ಆಗಲೇ ಕೇಳಿದ್ದರು.

ವಾಪಸು ಬರುವ ಬಸ್ಸಿನಲ್ಲಿ ಆ ಓಟದ ಬಗ್ಗೆ ಯೋಚಿಸಿದೆ. ಕಡೆಯ ಮಾತಿಗೆ ನನ್ನನ್ನು ಬೆನ್ನು ಹತ್ತುತ್ತಿದ್ದುದು ಯಾರು? ಮನೆಗೆ ಬಂದು ಕೌದಿಗಳ ನಡುವೆ ಕೂತಾಗ ಉತ್ತರ ತಾನಾಗಿ ಬಂತು, ನೆಲ ನಡುಗಿಸಿಕೊಂಡು ಹೋಯಿತು. ನಮ್ಮ ಮನೆಯ ಹಿಂದೆ ರೈಲುಹಳಿ. ಇಷ್ಟು ವರ್ಷ ನಾನು ಎರಡು ರೈಲುಗಳ ನಡುವಿನ ಸಂದಿನಲ್ಲಿ ಧ್ವನಿ ಮುದ್ರಿಸಿಕೊಳ್ಳುತ್ತ ಬಂದವನು. ದೂರದಲ್ಲಿ ಸಿಳ್ಳು ಕೇಳಿದೊಡನೆ ಉಳಿದ ಮಾತನ್ನು ಬೇಗ ಮುಗಿಸುವುದು ರೂಢಿಯಾಗಿ, ಆ ರೂಢಿ ಶೈಲಿಯಾಗಿ, ಆ ಶೈಲಿ ತಾವಾಗಿದ್ದೀರಿ. ನನ್ನ ಕಲೆ ಎಂದು ಜನ ಮೆಚ್ಚಿದ್ದು ರೈಲಿನ ಭಯವನ್ನು. ರೈಲೇ ಇಲ್ಲದ ಬಬಲೇಶ್ವರದಲ್ಲೂ ತಾವು ಇವತ್ತಿಗೂ ಆ ರೈಲಿಗೆ ಹೆದರಿ ಓಡುತ್ತಿದ್ದೀರಿ. ಇದನ್ನು ತಿಳಿದಾಗ ತಮ್ಮ ಮೇಲೆ ನನಗೆ ಮೊದಲ ಸಲ ಕರುಣೆ ಬಂತು.

ಕರುಣೆಯಿಂದ ಚಾಟ್ನಿಯ ಕೆಲಸ ಮರಳುವುದಿಲ್ಲವಾದ್ದರಿಂದ, ಕೊಟ್ಟ ಒಪ್ಪಿಗೆಯನ್ನು ಹಿಂದೆ ಪಡೆಯಲು ಮುಂದಾದೆ. ಕಂಪನಿಯವರು ಉದಾರಿಗಳು, ಧ್ವನಿಯ ಒಡೆಯ ಬೇಡವೆಂದರೆ ಅಂದೇ ಅಳಿಸುತ್ತಾರೆ. ಒಡೆಯನೇ ಹೌದೋ ಅಲ್ಲವೋ ಎಂದು ತಿಳಿಯಲು ಮಾತ್ರ ಅವರು ಕೊಟ್ಟ ವಾಕ್ಯವೊಂದನ್ನು ಫೋನಿಗೆ ಓದಿ ಹೇಳಬೇಕು. ನಿಧಾನವಾಗಿ, ಮನಃಪೂರ್ವಕವಾಗಿ ಓದಿದೆ. ಈ ಧ್ವನಿ ಪುರುಷ-ಮೂರಕ್ಕೆ ಹೊಂದುತ್ತಿಲ್ಲ ಎಂದು ಉತ್ತರ ಬಂತು. ಸಾಬಣ್ಣನವರ ವಿಮರ್ಶೆಯನ್ನು ನೆನೆದು, ಕಡೆಗೆ ಅವಸರ ಮಾಡಿ ಓದಿದೆ. ಈ ಧ್ವನಿ ಕೃತಕವೆಂದು ತೋರುತ್ತದೆ ಎಂದಿತು. ಸಹಜವಾದ ಅವಸರ ಬರಲೆಂದು ನಿಜವಾದ ರೈಲಿಗಾಗಿ ಕಾದು ಓದಿದೆ. ಹಿನ್ನೆಲೆಯಲ್ಲಿ ಗದ್ದಲವಿದೆ, ತಮಗೆ ಇನ್ನೊಂದೇ ಅವಕಾಶ ಉಳಿದಿದೆ ಎಂದಿತು. ನನ್ನ ಪತ್ನಿ ರಾಜೇಶ್ವರಿ ಫೋನನ್ನು ಕಸಿದುಕೊಂಡು ಅದಕ್ಕೇ ನೇರವಾಗಿ, ‘ಮದಿವಿ ಆದಾಗಿಂದ ಈ ಮನ್ಯಾಗ ಗೊಣಗಾಕತ್ತಿದ್ದು ಯಾರ ಮತ್ತ, ನಿಮ್ಮಪ್ಪೇನು?’ ಎಂದು ಸಾಕ್ಷಿ ನುಡಿದಳು. ಸಾಕ್ಷಿಗಳಿಗಾಗಿ ಅಲ್ಲಿ ಒತ್ತುವ ಗುಂಡಿಯಿಲ್ಲ.

ಹೀಗಾಗಿ, ಮಾನ್ಯರೇ, ತಮ್ಮ ಮುಂದೆಯೇ ಕೈಮುಗಿದು ನಿಲ್ಲಬೇಕಾಗಿದೆ. ತಾವು ಕೃಪೆ ಮಾಡಿ ಒಂದು ವಾರವಾದರೂ ನೆಗಡಿ ಹಿಡಿಸಿಕೊಳ್ಳಬೇಕು. ಟಂಟಂ ಮೇಲಿರುವಾಗ ಒಮ್ಮೆಯಾದರೂ ತೊದಲಬೇಕು, ಇಲ್ಲವೇ ಬೂದಿರೋಗದ ನಡುವೆ ನವದಂಪತಿಗಳಿಗೆ ಶುಭ ಕೋರಬೇಕು. ಮಧ್ಯವಯಸ್ಕರಾದ ತಾವು ನಿಯಮದಂತೆ ಮುಂದಿನ ವರ್ಷ ಒಂದು ವರ್ಷ ಹಿರಿಯರಾಗಬೇಕು. ಇವು ತಮ್ಮ ಘನತೆಗೆ ತಕ್ಕುದಲ್ಲವೆಂದರೆ, ಕಂಪನಿಯವರು ನಂಬುವುದು ತಮ್ಮನ್ನೊಬ್ಬರನ್ನೇ ಆದ್ದರಿಂದ, ನನ್ನ ಪರವಾಗಿ ತಾವೇ ಅವರಿಗೆ ಒಂದು ಮಾತು ಹೇಳಿಬಿಡಬೇಕು. ತಾವು ಇಳಿದು ಬಂದರೆ ಕೋಣೆ ಸಿದ್ಧವಿದೆ. ಮನೆಯಲ್ಲಿ ಮಾತು ಕಡಿಮೆಯಾಗಿದೆ ಎಂದು ರಾಜೇಶ್ವರಿ ಈಚೆಗೆ ಒಮ್ಮೆ ಅಂದಳು. ದೂರುತ್ತ ಅಂದಳೋ ಸಮಾಧಾನದಿಂದ ಅಂದಳೋ ತಿಳಿಯಲಿಲ್ಲ.

ಬೇರೆ ದಾರಿ ಕಾಣದೆ ತಮ್ಮಲ್ಲೇ ವಿಶ್ವಾಸವಿಟ್ಟಿರುವ,
ಸಂಗಮೇಶ ಮಮದಾಪೂರ
(ಹೊಂದಾಣಿಕೆಯಾಗದ ಧ್ವನಿ)
ಇಬ್ರಾಹಿಂಪುರ, ವಿಜಯಪುರ

ವಿ.ಸೂ.: ಈ ಪತ್ರವನ್ನು ಅಚ್ಚು ಮಾಡುವ ಪತ್ರಿಕೆಯವರು ಈಚೆಗೆ ಅದರ ಬರಹಗಳನ್ನೆಲ್ಲ ಮೊಬೈಲಿನಲ್ಲಿ ಓದಿ ಕೇಳಿಸುವ ಅನುಕೂಲ ಮಾಡಿದ್ದಾರೆ, ಓದುವವರು ತಾವೇ. ಈ ಸಾಲನ್ನೂ ಈಗ ತಾವೇ ಓದುತ್ತಿದ್ದೀರಿ. ಕಂಪನಿ ಕೊಟ್ಟ ಆ ವಾಕ್ಯವನ್ನು ರಾಜೇಶ್ವರಿ ಆ್ಯಪ್‌ನಲ್ಲಿ ಟೈಪ್ ಮಾಡಿ ಕೊಟ್ಟಾಗ, ಸುರಕ್ಷತೆಯ ಕಾರಣದಿಂದ ಇದನ್ನು ಓದಲಾಗದು ಎಂದು ತಾವು ಬಾಯಿ ಮುಚ್ಚಿಕೊಂಡಿರಿ. ಪತ್ರಿಕೆಯಲ್ಲಿ ಅಚ್ಚಾದುದನ್ನು ಮಾತ್ರ ಒಂದಕ್ಷರವೂ ಬಿಡದೆ ಓದಬೇಕೆಂಬ ಕರಾರು ತಮಗಿದೆಯಂತೆ. ಉಳಿದಿರುವ ಒಂದು ಅವಕಾಶಕ್ಕಾಗಿ ರಾಜೇಶ್ವರಿ ಎರಡು ಫೋನುಗಳನ್ನು ಎದುರುಬದುರಾಗಿ ಇಟ್ಟುಕೊಂಡು ಕೂತಿದ್ದಾಳೆ, ಒಂದರಲ್ಲಿ ತಮ್ಮ ಓದು, ಇನ್ನೊಂದರಲ್ಲಿ ಕಂಪನಿಯ ಕಿವಿ. ಈಗ ಹೊರಗಿನ ಗದ್ದಲವೇನೂ ಇಲ್ಲ. ದಯಮಾಡಿ ತಮ್ಮ ಎಂದಿನ ಶೈಲಿಯಲ್ಲೇ ಓದಬೇಕು: ‘ನಾನು ಸಂಗಮೇಶ ಮಮದಾಪೂರ. ಈ ಧ್ವನಿ ನನ್ನದು. ಇದನ್ನು ಇಂದೇ ಅಳಿಸಿಹಾಕಿ.’