ಮಾವನವರಿಗೆ ಉಣಿಸಿದ ಬಂಕು

ಆಫ್ರಿಕಾದ ಯುದ್ಧಕ್ಕೆ ಹೋಗಿ ಬಂದವನು ರಾಮದುರ್ಗದ ನಮ್ಮ ಓಣಿಯಲ್ಲಿ ನಾನೊಬ್ಬನೇ. ಹೋಗಿದ್ದು ಹೇಸರಗತ್ತೆ ಕಾಯಲು ಎಂಬುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಲ್ಲಿ ನಮ್ಮ ಪಕ್ಕದ ಡೇರೆಗಳಲ್ಲಿ ಆ ಖಂಡದ ಪಡುವಣ ಕರಾವಳಿಯ ಸಿಪಾಯಿಗಳಿದ್ದರು. ಗೋವಿನಜೋಳದ ಹಿಟ್ಟನ್ನು ಹುಳಿ ಬರಿಸಿ, ಒಲೆಯ ಮೇಲೆ ಮುದ್ದೆ ತಿರುವಿ, ಹುರಿದ ಮೀನು ಮತ್ತು ಖಾರದ ಗೊಜ್ಜಿನ ಜೊತೆ ಉಣ್ಣುತ್ತಿದ್ದರು. ಹೆಸರು ಬಂಕು. ನನಗೂ ಕೊಡುತ್ತಿದ್ದರು. ಆಹಾ, ಏನು ರುಚಿ! ಅದನ್ನು ಮಾಡುವುದನ್ನು ಒಮ್ಮೆ ದೂರದಿಂದ ನೋಡಿಯೂ ಇದ್ದೆ. ಅಷ್ಟು ಸಾಲದೇ?

ನಾನಿಲ್ಲದ ಮೂರು ವರ್ಷ ಹೆಂಡತಿ ತುಳಸವ್ವ ಬೈಲಹೊಂಗಲದ ತವರಿನಲ್ಲಿದ್ದಳು. ನಾನು ಬಂದ ಸುದ್ದಿ ತಿಳಿದು ಮಾವನವರೇ ಆಕೆಯನ್ನು ಚಕ್ಕಡಿಯಲ್ಲಿ ಕರೆತಂದರು. ಆದರೆ ಒಂದು ಕರಾರು.

"ಅಳಿಯಾರ, ನಾಕು ದಿನ ಇದ್ದು ನೋಡತೇನಿ. ನೀವು ಮನಿ ನಡಸೂ ಮನಷ್ಯಾ ಅನಿಸಿದರ ಮಗಳನ್ನ ಬಿಟ್ಟು ಹೋಗತೇನಿ. ಇಲ್ಲಾಂದ್ರ ಬಂದ ಚಕ್ಕಡಿಯೊಳಗ ವಾಪಸ್!"

ಮೂರು ವರ್ಷ ಆಕೆಯ ಮುಖ ನೋಡಲು ಹಂಬಲಿಸಿದ್ದೆ. ಅದನ್ನು ಹೇಳುವುದು ಬಿಟ್ಟು, "ಮಾವಾರ, ನನ್ನ ಕೈಯಾರೆ ಬಂಕು ಮಾಡಿ ಉಣಸತೇನಿ!" ಎಂದುಬಿಟ್ಟೆ.

ಹಿಟ್ಟು ಕಲಸಿ ಗಡಿಗೆಯಲ್ಲಿಟ್ಟೆ. ಮೊದಲ ದಿನ ಅದು ಸುಮ್ಮನಿತ್ತು. ಎರಡನೇ ದಿನ ಗುಳುಗುಳು ಎಂದಿತು. ಮೂರನೇ ದಿನ ಉಕ್ಕಿ ನೆಲಕ್ಕಿಳಿದು ಬಾಗಿಲ ಕಡೆ ಹೊರಟಿತು!

ತುಳಸವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದಳು. "ಏನ್ರೀ, ಇದು ಕೆಟ್ಟೈತಿ."

"ಕೆಟ್ಟಿಲ್ಲ. ಹದಕ್ಕ ಬಂದೈತಿ."

"ಎಮ್ಮಿ ಸುದ್ದಾ ಮಾರಿ ಅತ್ತಾಗ ಮಾಡಿ ನಿಂತೈತಿ ನೋಡ್ರಿ!"

"ಆ ಎಮ್ಮಿ ಆಫ್ರಿಕಾ ಕಂಡೈತೇನು?" ಎಂದು ಗದರಿದೆ.

ನಾಲ್ಕನೇ ದಿನ ಒಲೆ ಹೊತ್ತಿಸಿ, ಯಾರೂ ಅಡ್ಡಬಾಯಿ ಹಾಕಬಾರದೆಂದು ಬಾಗಿಲು ಮುಚ್ಚಿದೆ. ತೆಳ್ಳಗಾಯಿತೆಂದು ಹಿಟ್ಟು ಹಾಕಿದೆ. ಗಟ್ಟಿಯಾಯಿತೆಂದು ನೀರು ಹಾಕಿದೆ. ಈ ಸಂಧಾನದಲ್ಲಿ ಒಂದು ಗಡಿಗೆಯದು ಮೂರು ಗಡಿಗೆಯಾಯಿತು. ಕೊನೆಗೆ ಮುದ್ದೆ ಕಟ್ಟಿಗೆಯ ಹುಟ್ಟನ್ನೇ ಕಚ್ಚಿ ಹಿಡಿಯಿತು. ಎರಡೂ ಕೈಯಿಂದ ಜಗ್ಗಿದೆ. ಗಡಿಗೆಯೇ ಎದ್ದು ಬಂತು! ಅಷ್ಟರಲ್ಲಿ ಹಂಚಿನ ಮೇಲಿದ್ದ ಹೊಳೆಮೀನು ಇದ್ದಿಲಾಗಿತ್ತು. ಇರಲಿ, ಗೊಜ್ಜು ಕಾಪಾಡುತ್ತದೆ ಎಂದು ಹಿಡಿ ತುಂಬ ಒಣಮೆಣಸಿನಕಾಯಿ ಹುರಿದೆ. ಹೊಗೆ ಬೆಳಕಿಂಡಿಯಿಂದ ಹೊರಟು ಓಣಿಗಿಳಿಯಿತು. ಓಣಿಗೆ ಓಣಿಯೇ ಕೆಮ್ಮತೊಡಗಿತು. ಯುದ್ಧಭೂಮಿಯಲ್ಲಿ ನನ್ನಿಂದಾಗದ ಪರಾಕ್ರಮ ಅಂದು ಮನೆಯಲ್ಲಿ ಕೂತೇ ಆಯಿತು!

ಮಾವನವರು ಒಂದು ತುತ್ತು ಬಾಯಿಗಿಟ್ಟರು. ದವಡೆ ಮುಚ್ಚಿತು. ತೆರೆಯಲಿಲ್ಲ!

"ಹೆಂಗೈತ್ರಿ ಮಾವಾರ?"

ಅವರು ಕೈಸನ್ನೆಯಿಂದ ನೀರು ಕೇಳಿದರು.

ಅದೇ ಹೊತ್ತಿಗೆ ಎದುರುಮನೆಯ ನೇಕಾರರ ಬಾಳವ್ವ ಕೆಮ್ಮುತ್ತ ಒಳಗೆ ನುಗ್ಗಿದಳು. "ಯಾವನಪಾ ಅಂವ ಮೆಣಸಿನಕಾಯಿ ಸುಟ್ಟಾವ? ನನ್ನ ಜೀವಾ ಹೋಗತಿತ್ತಲ್ಲೋ!" ಬೈಯುತ್ತಿದ್ದವಳ ಕಣ್ಣು ಗಡಿಗೆಗಳ ಮೇಲೆ ಬಿತ್ತು. ಬೆರಳು ಅದ್ದಿದಳು, ತಿಕ್ಕಿ ನೋಡಿದಳು, ಎಳೆದು ನೋಡಿದಳು. ಮುಖ ಅರಳಿತು.

"ಅಯ್ಯ ತಮ್ಮಾ, ನೂಲಿಗೆ ಹಚ್ಚೂ ಗಂಜಿ ಇಷ್ಟು ಛಲೋ ಮಾಡೂದು ಎಲ್ಲಿ ಕಲತಿ? ನೀರು ಬಿಟ್ಟು ತೆಳ್ಳಗ ಮಾಡಿದರ ಓಣಿ ಮಗ್ಗಕ್ಕೆಲ್ಲಾ ಸಾಕಾಗತೈತಿ!"

ಉತ್ತರಕ್ಕೂ ಕಾಯದೆ ಮೂರೂ ಗಡಿಗೆಗಳನ್ನು ಸೊಸೆಯರ ಕೈಲಿ ಹೊರಿಸಿಕೊಂಡು ಹೋದಳು. ಬೀದಿಯಲ್ಲಿ ಹಾಸಿದ್ದ ನೂಲಿಗೆ ನನ್ನ ಬಂಕು ಬಳಿಯುವುದನ್ನು ನಾವು ಮೂವರೂ ಹೊಸ್ತಿಲಲ್ಲಿ ನಿಂತು ನೋಡಿದೆವು. ಎರಡು ತಂಬಿಗೆ ನೀರಿನ ಬಳಿಕ ಮಾವನವರ ದವಡೆ ಬಿಟ್ಟಿತು.

"ತುಳಸಾ, ನಡಿ. ಚಕ್ಕಡಿ ಹೂಡತೇನಿ."

ತುಳಸವ್ವ ಅಲುಗಲಿಲ್ಲ.

"ಅಪ್ಪಾ, ನೀ ಹೋಗು. ನಾ ಇಲ್ಲೇ ಇರತೇನಿ."

ನನ್ನ ಎದೆ ಉಬ್ಬಿತು. ಆಕೆಗೂ ನನ್ನದೇ ಹಂಬಲ! ಏನೇ ಆಗಲಿ, ಗಂಡನ ಮೇಲಿನ ಪ್ರೀತಿ!

"ಇಂಥಾ ಮನಷ್ಯಾನ ಕೂಡ?" ಎಂದರು ಮಾವ.

"ಹೂಂ ಅಪ್ಪಾ. ಒಲಿ ಮುಂದ ಇವರೊಬ್ಬರನ್ನ ಬಿಟ್ಟು ಬಂದರ, ಓಣಿ ಮಂದಿ ಸತ್ತ ಪಾಪ ನನಗ ಬರತೈತಿ."

ಚಕ್ಕಡಿ ಹೊರಟುಹೋಯಿತು. ಸಂತೋಷಕ್ಕೆ ನನ್ನ ಕಣ್ಣು ತುಂಬಿತು. "ತುಳಸಾ, ಈ ಮೂರು ವರ್ಷ ದಿನಾ ನಿನ್ನ..." ಎಂದು ಶುರು ಮಾಡಿದೆ.

"ಮೊದಲ ಆ ಹುಟ್ಟು ತಿಕ್ಕ್ರಿ," ಎಂದಳು.

ಯುದ್ಧ ಗೆದ್ದು ಬಂದ ನಾನು ಸಂಜೆಯವರೆಗೂ ಬಚ್ಚಲಲ್ಲಿ ಕುಳಿತು ತಿಕ್ಕಿದೆ.